ನಡುಗಡ್ಡೆಯ ದೊರೆಗೆ ಪರಾಕು

ನಾನು ಜೋರಾಗಿ ಮಾತಾಡುತ್ತೇನೆ ಎನ್ನುವುದು ಅಮೆರಿಕದ ಕಮ್ಮಿಂಗ್‌ನ ನಮ್ಮ ಬೀದಿಗೆಲ್ಲ ಗೊತ್ತು. ಆಫೀಸಿನ ಕಾಲ್‌ನಲ್ಲಿ ನಾನು ಬಾಯಿ ತೆರೆದರೆ ಉಳಿದವರು ಹೆಡ್‌ಫೋನ್ ತೆಗೆದಿಡುತ್ತಾರಂತೆ. ನನ್ನ ಗಂಡನಂತೂ ಮದುವೆಯಾದಾಗಿನಿಂದ "ನಿಧಾನ ಕಣೇ, ಇಲ್ಲೇ ಇದೀನಿ" ಎನ್ನುತ್ತಲೇ ಇದ್ದಾನೆ. ಏನು ಮಾಡಲಿ, ನಮ್ಮ ಮನೆತನದ ಗಂಟಲೇ ಅದು. ನಮ್ಮ ತಾತ, ಅವರ ಅಪ್ಪ, ಅವರಿಗಿಂತ ಹಿಂದಿನವರು ಎಲ್ಲರೂ ಕಾವೇರಿಯ ಒಂದು ನಡುಗಡ್ಡೆಯಲ್ಲಿದ್ದ ಸಣ್ಣ ಪಾಳೆಯಪಟ್ಟಿನ ದೊರೆಗಳಿಗೆ ಪರಾಕು ಹೇಳುತ್ತಿದ್ದವರು. ದೊರೆ ಬಾಗಿಲು ದಾಟುವಾಗ, ಗದ್ದುಗೆ ಏರುವಾಗ ಮುಂದೆ ನಿಂತು "ಬಹುಪರಾಕ್" ಎಂದು ಕೂಗುವುದು ನಮ್ಮವರ ಊಳಿಗ. ಆ ಊರನ್ನಾಗಲಿ ಆ ದೊರೆಯನ್ನಾಗಲಿ ನಾನು ಕಂಡವಳಲ್ಲ. ಅಪ್ಪ ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದರು, ನಾನು ಜಾರ್ಜಿಯಾದಲ್ಲಿ ಕೂತು ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತೇನೆ. ಆ ಕಥೆ ತಾತನ ಜೊತೆಗೇ ಮುಗಿಯಿತು ಎಂದುಕೊಂಡಿದ್ದೆ.

ಕೋವಿಡ್ ಸ್ವಲ್ಪ ಇಳಿದ ಮೇಲೆ, ಎರಡು ಸಾವಿರದ ಇಪ್ಪತ್ತೊಂದರಲ್ಲಿ, ಅಟ್ಲಾಂಟಾ ಕಡೆಯ ಕನ್ನಡದವರೆಲ್ಲ ಒಂದು ಪಾರ್ಕಿನಲ್ಲಿ, ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ ಇಟ್ಟುಕೊಂಡಿದ್ದರು. ಮಕ್ಕಳದೊಂದು ನಾಟಕವಿತ್ತು. ರಾಜನ ವೇಷದ ಮಗು ಬಂದು ನಿಂತಿತು. ಪರಾಕು ಹೇಳಬೇಕಿದ್ದ ಪುಟ್ಟ ಹುಡುಗಿ ಜನರನ್ನು ನೋಡಿ ಹೋ ಎಂದು ಅತ್ತು ಅಮ್ಮನ ಸೆರಗಿನೊಳಗೆ ಸೇರಿಕೊಂಡಳು. ನನಗೆ ತಡೆಯಲಾಗಲಿಲ್ಲ. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ, ಹಬ್ಬದ ದಿನ ತಾತ ನಡುಮನೆಯಲ್ಲಿ ಕೂಗುತ್ತಿದ್ದ ಹಾಗೆ ಪೂರ್ತಿ ಪರಾಕು ಕೂಗಿಬಿಟ್ಟೆ. ಪಕ್ಕದಲ್ಲಿ ಕ್ರಿಕೆಟ್ ಆಡುತ್ತಿದ್ದವರೂ ಆಟ ನಿಲ್ಲಿಸಿ ನೋಡಿದರು.

ಆಮೇಲೆ ಒಬ್ಬ ವೃದ್ಧರು ನಡೆದು ಬಂದರು. ಆ ಸೆಖೆಯಲ್ಲೂ ಮುಚ್ಚುಗೊರಳಿನ ಕೋಟು. "ಯಾರ ಮನೆ ಹುಡುಗಿ ನೀನು?" ಎಂದರು. ನಲವತ್ತು ದಾಟಿದವಳನ್ನು ಹುಡುಗಿ ಎಂದದ್ದಕ್ಕೆ ಖುಷಿ ಪಡಬೇಕೋ ಸಿಟ್ಟಾಗಬೇಕೋ ಗೊತ್ತಾಗದೆ ತಾತನ ಊರು ಹೇಳಿದೆ. ಅವರ ಬೆನ್ನು ನೆಟ್ಟಗಾಯಿತು.

"ನಿಮ್ಮ ತಾತ ನಮ್ಮಪ್ಪಾಜಿಗೆ ಪರಾಕು ಹೇಳ್ತಿದ್ದ."

"ಹೇಳ್ತಿದ್ರು ಅಂಕಲ್" ಎಂದು ತಿದ್ದಿದೆ. ನನಗೆ ಮೈಯೆಲ್ಲ ಉರಿದುಹೋಗಿತ್ತು. ಅವರಿಗೆ ಅದು ಕಿವಿಗೇ ಬೀಳಲಿಲ್ಲ. ಅಂಕಲ್ ಎಂದದ್ದೂ ಬೀಳಲಿಲ್ಲ. "ದಸರಾಕ್ಕೆ ಬಾ. ದರ್ಬಾರಿದೆ" ಎಂದು ಹೇಳಿ ಹೋದರು.

ಪಕ್ಕದವರು ವಿವರ ಹೇಳಿದರು. ಈತ ಆ ಪಾಳೆಯಪಟ್ಟಿನ ಕೊನೆಯ ದೊರೆ. ಬಹಳ ಹಿಂದೆಯೇ ಡಾಕ್ಟರಾಗಿ ಅಮೆರಿಕಕ್ಕೆ ಬಂದವರು, ಸೌತ್ ಕೆರೊಲಿನಾದಲ್ಲಿ ಹೃದಯದ ವೈದ್ಯರಾಗಿ ಹೆಸರು ಮಾಡಿದವರು. ಊರಿನ ಅವರ ಅರಮನೆ ಅಣೆಕಟ್ಟಿನ ನೀರಿನಲ್ಲಿ ಮುಳುಗಿತ್ತು. ಅದಕ್ಕೇ ಇಲ್ಲಿನ ಕರಾವಳಿಯ ಒಂದು ದ್ವೀಪದಲ್ಲಿ ಹಳೆಯ ಜಮೀನ್ದಾರಿ ಬಂಗಲೆಯೊಂದನ್ನು ಕೊಂಡು, ಅದನ್ನೇ ಅರಮನೆ ಮಾಡಿಕೊಂಡು ಕೂತಿದ್ದಾರೆ. ಸುತ್ತ ನೀರಿಲ್ಲದಿದ್ದರೆ ಅದು ಅರಮನೆಯೇ ಅಲ್ಲ ಎನ್ನುವುದು ಅವರ ವಾದವಂತೆ.

ಯಾವ ಸೀಮೆ ದೊರೆಯೋ ಎಂದು ದಾರಿಯುದ್ದಕ್ಕೂ ಬೈದುಕೊಂಡೇ ಆ ವರ್ಷದ ದಸರಾಕ್ಕೆ ಹೋದೆ. ಗಂಡ ಡ್ರೈವ್ ಮಾಡುತ್ತಾ, "ಬೈಯೋಕ್ಕೆ ಇಷ್ಟು ದೂರ ಬರಬೇಕಿತ್ತಾ?" ಎಂದು ರೇಗಿಸುತ್ತಿದ್ದ. ಉದ್ದನೆಯ ಸೇತುವೆ ದಾಟಿದರೆ ಎರಡೂ ಕಡೆ ಉಪ್ಪುನೀರಿನ ಜೌಗು, ಅದರಾಚೆ ಓಕ್ ಮರಗಳ ಸಾಲು, ಅದರ ಕೊನೆಗೆ ಬಿಳಿ ಕಂಬಗಳ ಮನೆ. ಇನ್ನೂರು ವರ್ಷದ್ದಿರಬಹುದು. ಚಿಪ್ಪಿನ ಸುಣ್ಣದ ತಳಪಾಯ, ಮೇಲೂ ಕೆಳಗೂ ಸುತ್ತುವ ಜಗಲಿ. ಒಳಗೆ ದೊಡ್ಡ ಹಜಾರದಲ್ಲಿ, ಬೆಂಕಿಗೂಡಿನ ಮುಂದೆ, ಮೈಸೂರಿನಿಂದ ಹಡಗಿನಲ್ಲಿ ತರಿಸಿದ ಬೀಟೆ ಮರದ ಗದ್ದುಗೆ. ಅದರ ಕೈಗಳಿಗೆ ಬೆಳ್ಳಿಯ ಸಿಂಹದ ತಲೆ. ನೋಡಿದರೆ ಗೌರವ ಬರುವಂಥದ್ದೇ, ಇಲ್ಲ ಎನ್ನುವುದಿಲ್ಲ.

ಮನೆಯ ಹಿಂದೆ ಇಟ್ಟಿಗೆಯ ಪುಟ್ಟ ಗೂಡುಗಳ ಸಾಲೊಂದಿತ್ತು. ಆ ಮನೆಯನ್ನು ಕಟ್ಟಿದ, ಆ ಮನೆಯವರಿಗೆ ಬತ್ತ ಬೆಳೆದುಕೊಟ್ಟ ಗುಲಾಮರನ್ನು ಅಲ್ಲಿ ಇಟ್ಟಿದ್ದರು. ಬಂದವರಿಗೆಲ್ಲ ದೊರೆ ಅದನ್ನು ತೋರಿಸಿ, "ನಮ್ಮಲ್ಲೂ ಹಿಂದುಗಡೆ ಊಳಿಗದವರ ಸಾಲುಮನೆ ಹೀಗೇ ಇತ್ತು" ಎಂದು ಹೆಮ್ಮೆಯಿಂದ ಹೇಳಿದರು. ನನ್ನ ತಾತ ಹುಟ್ಟಿದ್ದು ಆ ಸಾಲುಮನೆಯಲ್ಲೇ. ನಾನು ಒಂದು ಗೂಡಿನ ಬಾಗಿಲಲ್ಲಿ ಬಗ್ಗಿ ನೋಡಿದೆ. ನಿಂತರೆ ತಲೆ ತಾಗುತ್ತಿತ್ತು. ಇವರಿಗೆ ಪರಾಕು ಹೇಳುವುದಿಲ್ಲ, ವಾಪಸ್ ಹೋಗೋಣ ಎಂದು ಗಂಡನಿಗೆ ಹೇಳಿದೆ ಕೂಡ.

ಆದರೂ ಹೇಳಿದೆ. ಸುಳ್ಳೇಕೆ, ಆ ಎತ್ತರದ ಹಜಾರದಲ್ಲಿ ನನ್ನ ದನಿ ಹೋಗಿ ಗೋಡೆಗೆ ಬಡಿದು ಬಂದಾಗ ಸುಖವಾಯಿತು. ಅಲ್ಲಿ ಯಾರೂ ನನಗೆ ನಿಧಾನ ಅನ್ನಲಿಲ್ಲ. "ಏಳೂರ ಒಡೆಯರು, ನಡುಗಡ್ಡೆಯ ದೊರೆಗಳು ಚಿತ್ತೈಸುತ್ತಿದ್ದಾರೆ, ಎಚ್ಚರಿಕೆ, ಬಹುಪರಾಕ್!" ದೊರೆ ಜರಿಪೇಟ ಕಟ್ಟಿಕೊಂಡು ನಡೆದು ಬಂದು ಕೂತರು. ಷಾರ್ಲೆಟ್‌ನಿಂದಲೂ ಆಶ್‌ಬರ್ನ್‌ನಿಂದಲೂ ಬಂದಿದ್ದ ಸಂಸಾರಗಳು ಸಾಲಾಗಿ ಹೋಗಿ ಕೈ ಮುಗಿದು, ಫೋಟೋ ತೆಗೆಸಿಕೊಂಡು, ಊಟಕ್ಕೆ ಹೋದವು. ಅವರಿಗೆ ಅದೊಂದು ಪಿಕ್ನಿಕ್. ಗದ್ದುಗೆಯ ಮೇಲಿದ್ದವರಿಗೆ ಮಾತ್ರ ಅದು ರಾಜ್ಯಭಾರ.

ಇಷ್ಟೆಲ್ಲ ನಡೆಸುತ್ತಿದ್ದದ್ದು ಅವರ ಒಬ್ಬಳೇ ಮಗಳು. ಅರವತ್ತರ ಹತ್ತಿರದವರು, ವರ್ಜೀನಿಯಾದ ಆಲ್ಡಿಯಲ್ಲಿ ಮಕ್ಕಳ ಡಾಕ್ಟರು. ಹೆಂಡತಿ ತೀರಿಕೊಂಡ ಮೇಲೆ ದೊರೆಗೆ ಎಲ್ಲವೂ ಈಕೆಯೇ. ತಿಂಗಳಲ್ಲಿ ಎರಡು ವಾರಾಂತ್ಯ ಇಡೀ ದಿನ ಕಾರು ಓಡಿಸಿಕೊಂಡು ಬಂದು ಅಪ್ಪನ ಮಾತ್ರೆ, ಮನೆಯ ಛಾವಣಿ, ನೆಲಮಾಳಿಗೆಗೆ ನುಗ್ಗುವ ಉಪ್ಪುನೀರಿನ ಪಂಪು ಎಲ್ಲ ನೋಡಿಕೊಳ್ಳುತ್ತಿದ್ದರು. ಹಳೇ ಪದ್ಧತಿಯಂತೆ ಅವರನ್ನು ನಾನು ಅಮ್ಮಣ್ಣಿಯವರೇ ಎನ್ನಬೇಕಿತ್ತು. ಒಮ್ಮೆ ಅಂದೆ. "ಪ್ಲೀಸ್, ಅಕ್ಕ ಅನ್ನಿ, ಇಲ್ಲಾಂದ್ರೆ ನಾನು ಆನ್ಸರ್ ಮಾಡಲ್ಲ" ಎಂದು ನಕ್ಕರು. ಅವತ್ತೇ ನಮ್ಮ ಸ್ನೇಹವಾಯಿತು.

ಆ ಮನೆತನದ ಒಂದು ಕಟ್ಟಳೆ ಇತ್ತು. ಗದ್ದುಗೆ ಬರಿದಾಗಿರುವಾಗ ದೊರೆಯ ಹೆಣ ಮನೆಯ ಹೊಸಿಲು ದಾಟಕೂಡದು. ಮುಂದಿನವನು ಬಂದು ಕೂರಬೇಕು, ಅವನ ಹೆಸರಿಗೆ ಪರಾಕು ಆಗಬೇಕು, ಆಮೇಲೆಯೇ ಹೆಣ ಎತ್ತುವುದು. ಕೂರುವವನು ಗಂಡಸೇ ಆಗಿರಬೇಕು. ದೊರೆಗೆ ಗಂಡುಮಕ್ಕಳಿಲ್ಲ. ಎಂಬತ್ತೈದು ದಾಟಿದ ಅವರಿಗೆ ಬೇರೆ ಚಿಂತೆಯೇ ಇರಲಿಲ್ಲ, ದರ್ಬಾರು ಮುಗಿದರೂ ಅದೇ, ಊಟಕ್ಕೆ ಕೂತರೂ ಅದೇ. ಮೈಸೂರಿನಲ್ಲಿ ಕಾರು ಮಾರುವ ವ್ಯಾಪಾರದಲ್ಲಿದ್ದ ದಾಯಾದಿಯ ಮಗನೊಬ್ಬನನ್ನು ದತ್ತು ತೆಗೆದುಕೊಳ್ಳುತ್ತೇನೆ ಎಂದು ಹೊರಟರು. ಇಲ್ಲೊಬ್ಬ ಪುರೋಹಿತ, ಅಲ್ಲೊಬ್ಬ ಪುರೋಹಿತ, ನಡುವೆ ವಿಡಿಯೋ ಕಾಲ್, ದತ್ತು ಆಗಿಹೋಯಿತು.

ಒಮ್ಮೆ ನಾನು ಸುಮ್ಮನಿರಲಾರದೆ ಕೇಳಿದೆ. "ಅಕ್ಕ ಇದಾರಲ್ಲ. ಅವರೇ ಕೂತ್ರೆ ಏನಾಗತ್ತೆ?"

"ನಮ್ಮ ವಂಶದಲ್ಲಿ ಹೆಣ್ಣು ಕೂತಿಲ್ಲಮ್ಮ."

"ನಮ್ಮ ವಂಶದಲ್ಲೂ ಹೆಣ್ಣು ಪರಾಕು ಹೇಳಿಲ್ಲ. ನಾನು ಹೇಳ್ತಿಲ್ವಾ?"

ಅವರಿಗೆ ಸಿಟ್ಟು ಬರಲಿಲ್ಲ. ನಕ್ಕರು. "ಅದು ಊಳಿಗ ಕಣಮ್ಮ. ಊಳಿಗಕ್ಕೆ ಗಂಟಲಿದ್ರೆ ಸಾಕು."

ಅಕ್ಕ ಅಲ್ಲೇ ಅಪ್ಪನ ಕಾಲಿಗೆ ಸಾಕ್ಸ್ ಹಾಕುತ್ತಿದ್ದರು. ತಲೆ ಎತ್ತಲಿಲ್ಲ. ಆ ಮುದುಕನ ಕೋಟು ಹಿಡಿದು ಅಲುಗಾಡಿಸಬೇಕು ಅನ್ನಿಸಿತು ನನಗೆ.

ದತ್ತುಮಗ ವೀಸಾಕ್ಕೆ ಹೋದ. ದೊರೆಯ ಮನೆತನದವನು ಸುಳ್ಳು ಹೇಳಬಾರದು ಎಂದು ದೊರೆ ಫೋನಿನಲ್ಲಿ ಅಪ್ಪಣೆ ಕೊಡಿಸಿದ್ದರು. ಕಾನ್ಸುಲೇಟಿನ ಕಿಟಕಿಯಲ್ಲಿ ಆಫೀಸರು, ಅಮೆರಿಕಕ್ಕೆ ಯಾಕೆ ಹೋಗುತ್ತಿದ್ದೀರಿ ಎಂದು ಕೇಳಿದರಂತೆ. ಸೌತ್ ಕೆರೊಲಿನಾದ ಒಂದು ದ್ವೀಪದಲ್ಲಿ ಪಟ್ಟಕ್ಕೆ ಕೂರಲು ಹೋಗುತ್ತಿದ್ದೇನೆ, ಆಮೇಲೆ ಅಲ್ಲೇ ಅರಮನೆಯಲ್ಲಿ ಇರುತ್ತೇನೆ ಎಂದು ಈ ಮಹಾರಾಯ ಹೇಳಿದ್ದಾನೆ! ಟೂರಿಸ್ಟ್ ವೀಸಾಕ್ಕೆ! ಕಿಟಕಿಯಲ್ಲೇ ಇಲ್ಲ ಎಂದು ವಾಪಸ್ ಕಳಿಸಿದರು. ನನಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಅಕ್ಕನೂ ನಕ್ಕರು. ದೊರೆ ಮಾತ್ರ, "ಸತ್ಯ ಹೇಳಿದಾನೆ, ಕೊಟ್ಟೇ ಕೊಡ್ತಾರೆ, ಇನ್ನೊಂದ್ಸಲ ಹೋಗ್ಲಿ" ಎಂದರು. ಇನ್ನೊಮ್ಮೆ ಹೋದ. ಮತ್ತೆ ಅದೇ ಸತ್ಯ, ಮತ್ತೆ ಅದೇ ಉತ್ತರ.

ಇಪ್ಪತ್ತಮೂರರ ದಸರಾ ಹೊತ್ತಿಗೆ ಬರುವ ಜನ ತೀರಾ ಕಡಿಮೆಯಾಗಿದ್ದರು. ಮಕ್ಕಳಿಗೆ ಬೋರ್ ಆಗುತ್ತದೆ, ರಸ್ತೆಗೆ ನೀರು ಬರುತ್ತದೆ, ಹೀಗೆ ಒಬ್ಬೊಬ್ಬರದು ಒಂದೊಂದು ನೆಪ. ನೀರು ಬರುತ್ತಿದ್ದದ್ದು ನಿಜವೇ. ಹುಣ್ಣಿಮೆ ಅಮಾವಾಸ್ಯೆಯ ಉಬ್ಬರಕ್ಕೆ ಸಮುದ್ರ ಸದ್ದಿಲ್ಲದೆ ಅಂಗಳಕ್ಕೆ ಬಂದು ಹೋಗುತ್ತಿತ್ತು. ಮುಂದಿನ ಸಾಲಿನ ಓಕ್ ಮರಗಳು ಉಪ್ಪು ಕುಡಿದು ಒಣಗಿ ನಿಂತಿದ್ದವು. ಆ ವರ್ಷ ದತ್ತುಮಗ ಐಪ್ಯಾಡಿನಲ್ಲಿ ಬಂದ. ಯುವರಾಜರು ಕಾಣಲೆಂದು ಐಪ್ಯಾಡನ್ನು ಗದ್ದುಗೆಯ ಪಕ್ಕದಲ್ಲಿ ಎತ್ತಿ ಹಿಡಿಯಬೇಕೆಂದು ಅಪ್ಪಣೆಯಾಯಿತು. ಹಿಡಿದು ನಿಂತವರು ಅಕ್ಕ. ಇಂಟರ್ನೆಟ್ ಸರಿಯಿರಲಿಲ್ಲ, ಯುವರಾಜನ ಮುಖ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತು. ದರ್ಬಾರು ಮುಗಿಯುವ ತನಕ ಅಕ್ಕ ಆ ನಿಂತ ಮುಖವನ್ನು ಹಿಡಿದುಕೊಂಡು ನಿಂತಿದ್ದರು.

ಆಮೇಲೆ ಹಿಂದಿನ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೂತೆವು. "ಅಕ್ಕ, ನಿಮಗೆ ಹುಚ್ಚು ಹಿಡಿದಿದೆಯಾ? ಬಿಟ್ಟು ಹೋಗಿ. ನೋಡ್ಕೊಳ್ಳೋಕ್ಕೆ ಜನ ಇಡಿ" ಎಂದು ರೇಗಿದೆ.

ಅವರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಜೌಗಿನ ಕಡೆ ನೋಡುತ್ತಿದ್ದರು. "ನಂಗೆ ಈ ಮನೆ ಬೇಡ. ಈ ಮನೆ ಹಿಸ್ಟರಿ ನೆನೆಸ್ಕೊಂಡ್ರೆ ನಂಗೆ ನಿದ್ದೆ ಬರಲ್ಲ. ಆ ಚೇರೂ ಬೇಡ. ಒಂದ್ಸಲ ಅಪ್ಪಾಜಿ ನನ್ನ ನೋಡಿ, ನೀನು ಕೂತ್ಕೋ ಅನ್ನಬೇಕು. ದಟ್ಸ್ ಆಲ್. ಅವರು ಅಂದ್ರೆ ನಾನು ಬೇಡ ಅಂತೀನಿ. ಬಟ್ ಅನ್ನಬೇಕು."

ಅಷ್ಟು ದೊಡ್ಡ ಡಾಕ್ಟರು, ಊರಿನ ಮಕ್ಕಳನ್ನೆಲ್ಲ ಬದುಕಿಸುವವರು, ಇಷ್ಟಕ್ಕೆ ಕಾದು ಕೂತಿದ್ದಾರಲ್ಲ ಎಂದು ನನಗೆ ಅಳು ಬಂತು. ಸಿಟ್ಟೂ ಬಂತು. ಅವರ ಮೇಲೆಯೋ ಅವರಪ್ಪನ ಮೇಲೆಯೋ ಹೇಳಲಾರೆ.

ಮಾರನೆಯ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಬಿರುಗಾಳಿಯ ಎಚ್ಚರಿಕೆ ಬಂತು. ದ್ವೀಪ ಖಾಲಿ ಮಾಡಿ ಎಂದು ಸರ್ಕಾರದವರು ಹೇಳಿದರು. ದೊರೆ ಗದ್ದುಗೆ ಬಿಟ್ಟು ಓಡುವುದಿಲ್ಲ ಎಂದು ಮುದುಕರು ಹಟ ಹಿಡಿದು ಕೂತರು. ಊರಿಗೆ ಊರೇ ಒಳನಾಡಿನ ಕಡೆ ಹೋಗುತ್ತಿದ್ದಾಗ ಅಕ್ಕ ಒಬ್ಬರೇ ಎದುರು ದಿಕ್ಕಿನಲ್ಲಿ ಕಾರು ಓಡಿಸಿಕೊಂಡು ಬಂದು, ಕಿಟಕಿಗಳಿಗೆ ಹಲಗೆ ಹೊಡೆಸಿ, ಅಪ್ಪನ ಜೊತೆ ಕೂತರು. ಮನೆಗೇನೂ ಆಗಲಿಲ್ಲ. ಆದರೆ ತೇವ ಗಾಳಿಗೆ ದೊರೆಗೆ ನ್ಯುಮೋನಿಯಾ ಹಿಡಿಯಿತು. ಆಸ್ಪತ್ರೆಯಲ್ಲಿ, ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ ನೆಮ್ಮದಿಯಾಗಿಡಿ ಎಂದರು. ಹೃದಯದ ಡಾಕ್ಟರಾಗಿದ್ದವರಿಗೆ ಅದರರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಕ್ಕ ಅವರ ಮಂಚವನ್ನು ಹಜಾರದಲ್ಲೇ, ಗದ್ದುಗೆಯ ಎದುರಿಗೆ ಹಾಕಿಸಿದರು. ನರ್ಸೊಬ್ಬಳು ದಿನಾ ಬಂದು ಹೋಗುತ್ತಿದ್ದಳು.

ಅಕ್ಕ ಫೋನ್ ಮಾಡಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಹೊರಟುಬಿಟ್ಟೆ. ನಾನು ಹೋದಾಗ ಬೆಳಗಿನ ಬಿಸಿಲು ಹಜಾರಕ್ಕೆ ಬಿದ್ದಿತ್ತು. ದೊರೆ ದಿಂಬಿನ ಮೇಲೆ ಒರಗಿದ್ದರು, ಮೂಗಿಗೆ ಆಕ್ಸಿಜನ್ ನಳಿಕೆ. ನನ್ನನ್ನು ಗುರುತಿಸಿದರು. "ಗಂಟಲು ಸರಿಯಿದೆಯಾ?" ಎಂದರು. ಅಷ್ಟೂ ವರ್ಷ ಆ ಪದ ಬಾಯಿಗೆ ಬಾರದ ನಾನು, "ಸರಿಯಿದೆ ಬುದ್ಧಿ" ಎಂದೆ. ತಾತ ಅನ್ನುತ್ತಿದ್ದ ಪದ ಅದು. ಸಾಯುವವರ ಹತ್ತಿರ ಇನ್ನೇನು ಜಗಳ.

"ಅವನು ಎಲ್ಲಿಗೆ ಬಂದ?" ಎಂದು ಕೇಳಿದರು. ದತ್ತುಮಗನ ವಿಚಾರ. ವೀಸಾ ಮತ್ತೆ ಆಗಿಲ್ಲ ಎಂದು ಅಕ್ಕ ಹೇಳಿದ್ದರು, ಎಷ್ಟೋ ಸಲ ಹೇಳಿದ್ದರು. ಅದು ಮಾತ್ರ ಅವರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮಿಕ್ಕಿದ್ದೆಲ್ಲ ನಿಲ್ಲುತ್ತಿತ್ತು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದರು. ಅಮ್ಮನ ಹಳೆಯ ಜರಿಸೀರೆ ಉಟ್ಟಿದ್ದರು. ಉಟ್ಟು ರೂಢಿಯಿಲ್ಲ, ನೆರಿಗೆ ಎಲ್ಲೋ ಹೋಗಿತ್ತು. "ಅವರು ಇರೋವಾಗ್ಲೇ ಮಾಡೋಣ. ಸತ್ಮೇಲೆ ಬೇಡ. ಅವರು ಕೇಳಬೇಕು. ನೀವು ನನ್ನ ಹೆಸರಿಗೆ ಹೇಳ್ತೀರಾ?"

"ಹೇಳ್ತೀನಿ. ಈ ಮನೆ ಸೂರು ಹಾರೋ ಹಾಗೆ ಹೇಳ್ತೀನಿ" ಎಂದೆ. ಮೊಣಕಾಲೂರಿ ಅವರ ನೆರಿಗೆ ಸರಿ ಮಾಡಿದೆ.

ಹಜಾರಕ್ಕೆ ಬಂದೆವು. ಅಕ್ಕ ಅಪ್ಪನ ಕಾಲು ಮುಟ್ಟಿ ನಮಸ್ಕರಿಸಿ, ಎದುರಿಗೆ ನಡೆದು ಹೋಗಿ ಗದ್ದುಗೆಯ ಮೇಲೆ ಕೂತರು. ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡರು. ನಾನು ಉಸಿರು ತುಂಬಿಕೊಂಡು ಕೂಗಿದೆ. ಏಳೂರ ಒಡೆಯರ ಕುವರಿ, ನಡುಗಡ್ಡೆಯ ದೊರೆಸಾನಿ ಅಮ್ಮಣ್ಣಿಯವರು ಗದ್ದುಗೆ ಏರಿದ್ದಾರೆ, ಎಚ್ಚರಿಕೆ, ಬಹುಪರಾಕ್! ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕೂಗಿಲ್ಲ. ಕಿಟಕಿಯ ಗಾಜು ಅದುರಿತು.

ದೊರೆ ಕಣ್ಣು ಬಿಟ್ಟು ನೋಡಿದರು. ಬಹಳ ಹೊತ್ತು ಮಗಳನ್ನೇ ನೋಡಿದರು. ಕಣ್ಣು ಮಂಜಾಗಿರಲಿಲ್ಲ, ಎಚ್ಚರ ತಪ್ಪಿರಲಿಲ್ಲ, ನಾನು ಕೂಗಿದ್ದರ ಒಂದೊಂದು ಪದವೂ ಅವರಿಗೆ ಕೇಳಿಸಿತ್ತು. ಅವರ ಮುಖದಲ್ಲಿ ನಗು ಮೂಡಿತು. ಅಂಥ ಪ್ರೀತಿಯ ನಗುವನ್ನು ನಾನು ಅವರ ಮುಖದಲ್ಲಿ ಕಂಡಿರಲಿಲ್ಲ. ಅಕ್ಕ ಗದ್ದುಗೆಯಿಂದ ಅರ್ಧ ಮುಂದಕ್ಕೆ ಬಗ್ಗಿದರು.

"ಒಳ್ಳೇ ಕೆಲಸ ಮಾಡಿದೆ ಅಮ್ಮಣ್ಣಿ" ಎಂದರು ದೊರೆ. "ಅವನು ಬರೋ ತನಕ ಜಾಗ ಕಾಯೋಕ್ಕೆ ಯಾರೂ ಇಲ್ವಲ್ಲ ಅಂತ ಯೋಚ್ನೆ ಆಗಿತ್ತು. ಕೂತಿರು. ಅವನು ಬರೋವರೆಗೂ ಏಳಬೇಡ."

ನಾನು ಬಾಯಿ ತೆರೆದೆ. ಈ ಸಲ ಮುದುಕರಿಗೆ ಸರಿಯಾಗಿ ಅಂದುಬಿಡಬೇಕು ಎಂದೇ ತೆರೆದೆ. ಅಕ್ಕ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದರು.

"ಆಯ್ತು ಅಪ್ಪಾಜಿ" ಎಂದರು.

ದೊರೆ ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು. ನರ್ಸು ಬಂದು ನೋಡಿ ತಲೆ ಬಾಗಿಸಿದಳು, ಫ್ಯೂನರಲ್ ಹೋಮ್‌ಗೆ ಫೋನ್ ಮಾಡಿದಳು. ಅಷ್ಟು ಹೊತ್ತೂ ಅಕ್ಕ ಗದ್ದುಗೆಯ ಮೇಲೆಯೇ ಇದ್ದರು. ನೀರು ಕೊಟ್ಟೆ, ಕುಡಿದರು. "ಏಳಿ ಅಕ್ಕ, ಸಾಕು, ಮುಗೀತು" ಎಂದು ಅತ್ತೆ. ಅವರು ಅಳಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಾ ಕೂತಿದ್ದರು.

ಕಪ್ಪು ಸೂಟಿನ ಇಬ್ಬರು ಬಂದರು. ದೊರೆಯನ್ನು ಹಾಸಿಗೆಯಿಂದ ಎತ್ತಿ, ಬಿಳಿ ಬಟ್ಟೆ ಹೊದಿಸಿ, ಪಟ್ಟಿ ಕಟ್ಟಿದರು. ಮನೆಯವರು ಯಾರಾದರೂ ವಾಹನದವರೆಗೆ ಜೊತೆಗೆ ಬರುತ್ತೀರಾ ಎಂದು ಮೆಲ್ಲಗೆ ಕೇಳಿದರು. ಅಷ್ಟು ಹಾದಿ ಸವೆಸಿ ಬಂದು ಆ ಮನುಷ್ಯನನ್ನು ಕಡೆಯವರೆಗೆ ಸಾಕಿದ ಮಗಳು ಗದ್ದುಗೆಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನೀವು ಹೋಗಿ ಬನ್ನಿ" ಎಂದರು ನನಗೆ. "ಅಪ್ಪಾಜಿ ಒಬ್ಬರೇ ಹೋಗಬಾರದು. ನಾನು ಏಳೋ ಹಾಗಿಲ್ಲ."